ಗಿಳಿ ಕಳ್ಕೊಂಡ ಮೂರು ಸದ್ದು

ಏಪ್ರಿಲ್ 29, 1999, ಗುರುವಾರ

ಬಂತು!! ಕಾಲೇಜ್ ಲ್ಯಾಬಲ್ಲಿ ನಮ್ಮ ಚಾಟ್ ಚಾನೆಲ್ ತೆಗೆದ ತಕ್ಷಣ ಮೇಲ್ಗಡೆನೇ ಕೂತಿತ್ತು. ಲುಚ್ ಹಾಕಿದಾನೆ: "ಲಾಲೆ ಎರಡು, ಅಂದ್ರೆ ಹೊಸ ಆವೃತ್ತಿ, ಪರೀಕ್ಷೆಗೆ ರೆಡಿ. ಜೂನ್ ಒಂದಕ್ಕೆ ಬಿಡುಗಡೆ. ಹಳೇ ಫಾರ್ಮ್ಯಾಟ್ ಕಿತ್ತು ಬಿಸಾಕಿದೀನಿ."

ಕಿತ್ತು ಬಿಸಾಕಿದೀನಿ ಅಂತೆ. ಎರಡು ವರ್ಷದಿಂದ ಕಾಯ್ತಿದ್ದೆ ಗುರು ಈ ಒಂದು ವಾಕ್ಯಕ್ಕೆ. ಸೋಫಿಯಾದಲ್ಲಿ ಕೂತು ನಾಲ್ಕೇ ಜನ ಒಂದು ಇಡೀ ಆಪರೇಟಿಂಗ್ ಸಿಸ್ಟಮ್ ಬರೆದಿದಾರೆ, ಅದರಲ್ಲಿ ಮುಕ್ಕಾಲು ಲುಚ್ ಒಬ್ಬನೇ. ನಾನು ಒಂದು ಸಾಲೂ ಬರೆದಿಲ್ಲ. ಆದ್ರೂ "ನಮ್ಮ ಲಾಲೆ" ಅಂತೀನಿ, ಇದುವರೆಗೂ ಯಾರೂ ಬೈದಿಲ್ಲ. ನನ್ನ ಪ್ರತಿ ಮೇಲ್ ಕೆಳಗೂ ತಾನಾಗೇ ಬರೋ ಸಾಲು ಚಾನೆಲಲ್ಲಿ ಫೇಮಸ್: ಹಳೇದು ಸಾಯಲಿ — ನೆದೆಲಿನಾ, ಪ್ಲೊವ್‌ದಿವ್.

ನಮ್ಮ ಬ್ಲಾಕಲ್ಲಿ ಲಾಲೆ ಇರೋದು ಎರಡೇ ಮನೇಲಿ, ನಮ್ಮದು ಮತ್ತೆ ನಾಲ್ಕನೇ ಮಹಡಿ ಟ್ರಿಫೊನ್ ಮಾಮಂದು. ಮಾಮಂಗೆ ಹುಟ್ಟಿದಾಗಿಂದ ಕಣ್ಣು ಕಾಣಲ್ಲ. ಟ್ರ್ಯಾಕ್ಟರ್ ಬಿಡಿಭಾಗದ ಫ್ಯಾಕ್ಟ್ರೀಲಿ ಮೂವತ್ತು ವರ್ಷದಿಂದ ಫೋನ್ ಬೋರ್ಡ್ ಮುಂದೆ ಕೂತಿದಾರೆ. ಜೂನಿಂದ ಆ ಬೋರ್ಡಿಗೆ ಮಿಷನ್ ಬರತ್ತಂತೆ, ಮನುಷ್ಯ ಬೇಡ್ವಂತೆ. ಆರ್ಡರ್ ಪತ್ರ ನೋಡೋ ಕೆಲಸ ಇದೆ, ಕಂಪ್ಯೂಟರಲ್ಲಿ ಓದಿ ಉತ್ತರ ಬರೀಬೇಕು, ಮೇ 28ಕ್ಕೆ ನಿಮ್ಮ ಮಿಷನ್ ತಂದು ಮಾಡಿ ತೋರಿಸಿ ಅಂದಿದಾರೆ. ಆಗ್ಲಿಲ್ಲ ಅಂದ್ರೆ ಮನೆಗೆ. ಐವತ್ತೆರಡಕ್ಕೇ.

ಫ್ಯಾಕ್ಟ್ರಿಯ ನೆಟ್‌ವರ್ಕ್ ಕಾರ್ಡು ಹಳೇ ಲಾಲೇಲಿ ನಡಿಯಲ್ಲ, ಲಾಲೆ ಎರಡರಲ್ಲಿ ನಡಿಯತ್ತೆ. ನಾನೇ ಹಾಕ್ಕೊಡ್ತೀನಿ ಅಂದೆ.

"ನನ್ನ ಗಿಳಿ ಮಾತಾಡ್ತಾನಾ ಅದರಲ್ಲಿ?" ಅಂದ್ರು ಮಾಮ.

ಗಿಳಿ ಅಂದ್ರೆ ಪರದೆ ಮೇಲಿರೋದನ್ನ ಗಟ್ಟಿಯಾಗಿ ಓದೋ ಪ್ರೋಗ್ರಾಂ. ಕುರುಡರ ಶಾಲೆ ಮೇಷ್ಟ್ರು ಮ್ಲಾಡೆನ್ ಅಂತ ಒಬ್ರಿದ್ರು, ಒಂದೊಂದಕ್ಷರದ ಸದ್ದನ್ನೂ ತಮ್ಮ ಗಂಟಲಲ್ಲೇ ಹೇಳಿ ರೆಕಾರ್ಡ್ ಮಾಡಿ ಬರೆದಿದ್ದು. ನಮ್ಮ ಭಾಷೆ ಓದೋಕೆ ಬರೋದು ಅದೊಂದಕ್ಕೇ. ಮೇಷ್ಟ್ರು ತೀರಿಹೋಗಿ ಮೂರು ವರ್ಷ ಆಯ್ತು.

"ಖಂಡಿತ ಮಾಮ, ಇನ್ನೂ ಜೋರಾಗಿ ಮಾತಾಡ್ತಾನೆ" ಅಂದೆ.

ಏಪ್ರಿಲ್ 30, ಶುಕ್ರವಾರ

ಇನ್‌ಸ್ಟಾಲ್ ಮಾಡಕ್ಕೆ ಏಳು ಫ್ಲಾಪಿ ಬೇಕು, ನನ್ನ ಹತ್ರ ನಾಲ್ಕೇ ಇತ್ತು. ಬೆಳಿಗ್ಗೆ ಮಾಮನ ಮನೆಗೆ ಓಡಿದೆ. ಗಡ್ಡ ಬೋಳಿಸ್ಕೊತಿದ್ರು, ಬಚ್ಚಲಿಂದಲೇ ಕೂಗಿದ್ರು, "ಖಾಲಿವು ಮೇಜಿನ ಮೇಲೆ ಡಬ್ಬದಲ್ಲಿವೆ ಪುಟ್ಟಿ, ತಗೊಂಡು ಹೋಗು!" ಸರಿಯಾಗಿ ಮೂರೇ ಇತ್ತು. ಬಿಳೀ ಲೇಬಲ್ ಅಂಟಿಸಿದಾರೆ, ಮೇಲೆ ಏನೂ ಬರೆದಿಲ್ಲ. ಹಳೇ ಲೇಬಲ್ಲು, ಉಬ್ಬುಬ್ಬಾಗಿತ್ತು. ಲ್ಯಾಬಲ್ಲಿ ಏಳೂ ತುಂಬಿಸ್ಕೊಂಡು ಬಂದೆ.

ನಾಳೆ. ನಾಳೆ!!

ಮೇ 1, ಶನಿವಾರ

ಗಿಳಿ ಮಾತಾಡ್ತಿಲ್ಲ.

ಎಲ್ಲಾ ಚೆನ್ನಾಗೇ ಹೋಯ್ತು, ಏಳೂ ಡಿಸ್ಕ್ ಓದ್ತು, ಹೊಸ ಸಿಸ್ಟಮ್ ಎದ್ದು ಕೂತ್ಕೊಂಡ್ತು. ಜಾಗ ಸಾಲದು ಅಂತ ಹಳೇ ಪ್ರೋಗ್ರಾಮುಗಳಿಗೆ ಬೇಕಾದ ಸಾಮಾನೆಲ್ಲಾ ಇದ್ದ ಲೈಬ್ರರಿ ಫೋಲ್ಡರ್ ಪೂರ್ತಿ ಅಳಿಸಿದ್ದೆ. "ಬೇಕಾದ್ರೆ ಅಳಿಸಿ" ಅಂತ ಬರೆದಿದ್ದ ಲುಚ್. ನಾನು ಆ "ಬೇಕಾದ್ರೆ"ನ ಓದಲೂ ಇಲ್ಲ, ಖುಷೀಲಿ ಅಳಿಸ್ದೆ. ಆಮೇಲೆ ಗಿಳಿ ಶುರು ಮಾಡಿದ್ರೆ ಪರದೆ ಮೇಲೆ ಒಂದೇ ಸಾಲು: ಇದು ಪ್ರೋಗ್ರಾಂ ಅಲ್ಲ.

ಮಾಮ ಕೈ ಕಟ್ಕೊಂಡು ಪಕ್ಕದಲ್ಲೇ ಕೂತಿದ್ರು. ಆ ಸಾಲು ಅವರಿಗೆ ಕಾಣಲ್ಲ. "ಯಾಕೆ ಸುಮ್ನಿದಾನೆ ಇವನು?"

"ಫಾರ್ಮ್ಯಾಟ್ ಬೇರೆ ಆಯ್ತಲ್ಲ ಮಾಮ. ಪ್ರೋಗ್ರಾಂ ಅಂದ್ರೆ ಕಟ್ಟಿದ ಬುತ್ತಿ ಥರ. ಗಂಟು ಎಲ್ಲಿದೆ, ರೊಟ್ಟಿ ಎಲ್ಲಿದೆ, ಪಲ್ಯ ಎಲ್ಲಿದೆ ಅಂತ ಸಿಸ್ಟಮ್‌ಗೆ ಗೊತ್ತಿರ್ಬೇಕು. ಹೊಸದಕ್ಕೆ ಹೊಸ ಥರ ಕಟ್ಟಿದ್ದು ಮಾತ್ರ ಬಿಚ್ಚಕ್ಕೆ ಬರೋದು."

"ಅಂದ್ರೆ ಹಳೇ ಪ್ಲಗ್ಗು, ಹೊಸ ಬೋರ್ಡಿಗೆ ಕೂರ್ತಿಲ್ಲ."

"ಹೂಂ, ಅದೇ."

"ಮತ್ತೆ ನೀನು ಖಂಡಿತ ಅಂದೆ."

ಎಲ್ಲಾ ಹಳೇ ಪ್ರೋಗ್ರಾಮಿಗೂ ಮೂಲ ಕೋಡ್ ಇರತ್ತೆ, ಹೊಸದಾಗಿ ಕಟ್ಟಿದ್ರೆ ಆಯ್ತು ಅನ್ಕೊಂಡಿದ್ದೆ. ಗಿಳೀದು ಎಲ್ಲೂ ಇಲ್ಲ. ಮೇಷ್ಟ್ರ ಕಂಪ್ಯೂಟರಲ್ಲಿತ್ತು, ಅಷ್ಟೆ.

ಪರವಾಗಿಲ್ಲ. ಮಾಮನ ಹತ್ರ ಬ್ಯಾಕಪ್ ಇದ್ಯಂತೆ. ನಾಳೆ ನೋಡ್ತೀನಿ.

ಮೇ 2, ಭಾನುವಾರ

ಬರೆಯಕ್ಕೇ ಆಗ್ತಿಲ್ಲ.

ಮಾಮ ಡ್ರಾಯರಿಂದ ಒಂದು ಡಬ್ಬ ತೆಗೆದು, "ಇದು ಖಾಲಿವು" ಅಂದ್ರು. ಆಮೇಲೆ ಮೇಜಿನ ಮೇಲಿದ್ದ ಡಬ್ಬಕ್ಕೆ ಕೈ ಹಾಕಿದ್ರು. ಅದರಲ್ಲಿ ಏನೂ ಇಲ್ಲ. ಕೈ ಅಲ್ಲೇ ಒಂದು ಸುತ್ತು ತಡಕಾಡ್ತು. "ಅಯ್ಯೋ, ಖಾಲಿವು ಹೋದ ವಾರನೇ ನಾನು ಡ್ರಾಯರಿಗೆ ಹಾಕಿದ್ದೆ" ಅಂದ್ರು, ಮೆಲ್ಲಗೆ, ತಮಗೇ ಹೇಳ್ಕೊಳ್ಳೋ ಹಾಗೆ. ನಾನು ಬ್ಯಾಗಿಂದ ನನ್ನ ಏಳು ಡಿಸ್ಕ್ ತೆಗೆದು ಅವರ ಕೈಗಿಟ್ಟೆ. ಒಂದೊಂದೇ ಲೇಬಲ್ ಮೇಲೆ ಬೆರಳಾಡಿಸಿದ್ರು.

"ಇದು ಗಿಳಿ ಒಂದು. ಇದು ಗಿಳಿ ಎರಡು. ಇದು ಮೂರು. ಏನು ತುಂಬಿಸಿದೀಯಾ ಇದರಲ್ಲಿ?"

ಉಬ್ಬುಬ್ಬಾಗಿದ್ದಿದ್ದು ಅಕ್ಷರ. ಬೆರಳಲ್ಲಿ ಓದೋ ಚುಕ್ಕಿ. ಇಂಕಿಲ್ಲ ಅಂದ್ರೆ ಖಾಲಿ ಅನ್ಕೊಂಡೆ ನಾನು. ಕುರುಡನ ಮನೇಲಿ ನಿಂತ್ಕೊಂಡು!

ಗಿಳಿ ಫೈಲೇನೋ ಕಂಪ್ಯೂಟರಲ್ಲಿ ಉಳಿದಿದೆ. ಆದ್ರೆ ಅದರ ಗಂಟಲು, ಅಂದ್ರೆ ಸದ್ದೆಲ್ಲಾ ಇದ್ದ ಲೈಬ್ರರಿ, ನಾನು ನಿನ್ನೆ ಅಳಿಸಿದ ಫೋಲ್ಡರಲ್ಲಿತ್ತು. ಅದರ ಇನ್ನೊಂದು ಪ್ರತಿ ಈ ಮೂರು ಡಿಸ್ಕಲ್ಲಿತ್ತು.

ಮಾಮ ಬೈದಿದ್ರೆ ಚೆನ್ನಾಗಿತ್ತು. ಕಾಫಿ ಹಾಕಿದ್ರು. ಕಾಫಿ ಹಾಕಿದ್ರು ಗುರು ನಂಗೆ.

ಮೇ 3, ಸೋಮವಾರ

ಚಾನೆಲಲ್ಲಿ ಕೇಳಿದೆ. ಅದನ್ನ ಹಾಗೇ ಇಲ್ಲಿ ಇಳಿಸ್ತೀನಿ.

ನೆದೆಲಿನಾ: ಹಳೇ ಫಾರ್ಮ್ಯಾಟಿನ ಒಂದು ಓದೋ ಪ್ರೋಗ್ರಾಂ ಇದೆ, ಕಣ್ಣು ಕಾಣದವರಿಗೆ. ಲೈಬ್ರರಿ ಹೋಯ್ತು. ಎರಡರಲ್ಲಿ ನಡೆಸಕ್ಕೆ ಏನಾದ್ರೂ ದಾರಿ ಇದ್ಯಾ?
ಬೊಜಾ: ಯಾರಪ್ಪಾ ಇದು, "ಹಳೇದು ಸಾಯಲಿ" ಮೇಡಮ್ಮಾ? ಸತ್ತೇ ಹೋಯ್ತಲ್ಲ, ಹೂವು ಹಾಕಿ
ಲುಚ್: ಎಷ್ಟು ಜನ ಬಳಸ್ತಾರೆ?
ನೆದೆಲಿನಾ: ನಂಗೆ ಗೊತ್ತಿರೋ ಹಾಗೆ ಒಬ್ರು
ಲುಚ್: ಒಬ್ಬ ಯೂಸರ್‌ಗೋಸ್ಕರ ಸಿಸ್ಟಮ್ಮಿನ ತಿರುಳಲ್ಲಿ ಕಸ ಇಟ್ಕೊಳ್ಳಲ್ಲ. ಇಂಗ್ಲಿಷ್ ಓದೋದು ಒಂದಿದೆ, ಅದು ಹಾಕ್ಕೊಡಿ
ಬೊಜಾ: ಬ್ಯಾಕಪ್ ಇಲ್ವಾ ಆಸಾಮಿ ಹತ್ರ?
ನೆದೆಲಿನಾ: ಇಟ್ಕೊಂಡಿರ್ಲಿಲ್ಲ

ಮಾಮಂಗೆ ಇಂಗ್ಲಿಷ್ ಒಂದಕ್ಷರ ಬರಲ್ಲ.

ಮೇ 6, ಗುರುವಾರ

ಗೆಯೊರ್ಗಿ ಹಬ್ಬ. ಇಡೀ ಬ್ಲಾಕ್ ಮೆಟ್ಟಿಲಲ್ಲಿ ಕುರಿಮಾಂಸದ ಘಮ. ಅಮ್ಮ ಒಂದು ತಟ್ಟೆ ಕೊಟ್ಟು ಟ್ರಿಫೊನ್‌ಗೆ ಕೊಟ್ಬಾ ಅಂದ್ಳು. ನಾಲ್ಕನೇ ಮಹಡಿವರೆಗೂ ಹೋಗಿ ಬಾಗಿಲ ಮುಂದಿಟ್ಟು, ಬೆಲ್ ಒತ್ತಿ, ಓಡಿ ಬಂದೆ. ಹತ್ತೊಂಬತ್ತು ವರ್ಷದ ಕತ್ತೆ ನಾನು.

ಮೇ 9, ಭಾನುವಾರ

ಮ್ಲಾಡೆನ್ ಮೇಷ್ಟ್ರ ಅಣ್ಣನ ಮಗಳು ಅಸೆನೊವ್‌ಗ್ರಾದಲ್ಲಿ ಇದಾಳೆ ಅಂತ ಮಾಮ ಹೇಳಿದ್ರು. ಬಸ್ ಹಿಡಿದು ಹೋದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ್ಳು. "ಚಿಕ್ಕಪ್ಪನ ಕಂಪ್ಯೂಟರಾ? ಬಿಚ್ಚಿ ಬಿಚ್ಚಿ ಮಾರಿದ್ವಲ್ಲ, ಯಾವತ್ತೋ ಆಯ್ತು. ಯಾಕಮ್ಮಾ, ಅದರಲ್ಲೇನಾದ್ರೂ ಇತ್ತಾ?"

ಇತ್ತು ಅಂದೆ.

ವಾಪಸ್ ಬಸ್ಸಲ್ಲಿ ಸೀಟಿತ್ತು, ಕೂರಕ್ಕೆ ಮನಸ್ಸಾಗ್ಲಿಲ್ಲ. ಮಾಮನ ಪರೀಕ್ಷೆಗೆ ಇನ್ನು ಹತ್ತೊಂಬತ್ತೇ ದಿನ.

ಮೇ 11, ಮಂಗಳವಾರ

ಕ್ಲಾಸಿಗೆ ಹೋಗ್ಲಿಲ್ಲ. ಕಾಲೇಜಿನ ಪುಸ್ತಕದ ಲೈಬ್ರರೀಲಿ ಕೂತು ಡಿಸ್ಕ್ ಬಗ್ಗೆ ಒಂದು ಹಳೇ ರಷ್ಯನ್ ಪುಸ್ತಕ ಓದಿದೆ. ಅಳಿಸೋದು ಅಂದ್ರೆ ಅಳಿಸೋದಲ್ಲ. ಹೆಸರು ಮಾತ್ರ ಹೋಗತ್ತೆ, ಮಾಲು ಅಲ್ಲೇ ಬಿದ್ದಿರತ್ತೆ, ಅದರ ಮೇಲೆ ಬೇರೆ ಏನಾದ್ರೂ ಬರೆಯೋವರೆಗೂ. ಫ್ಲಾಪಿ ಮೂರರ ಮೇಲೂ ನಾನು ಅಂಚಿಂದ ಅಂಚಿಗೆ ಬರೆದಿದೀನಿ, ಅವು ಹೋದ್ವು. ಆದ್ರೆ ಕಂಪ್ಯೂಟರಿನ ಡಿಸ್ಕು?

ಮೆಟ್ಟಿಲು ಎರಡೆರಡು ಹಾರಿ ಹೋದೆ. "ಮಾಮಾ, ಮಿಷನ್ ಆನ್ ಮಾಡಿಲ್ಲ ತಾನೇ?"

"ಮೂಗನ್ನ ಎಬ್ಬಿಸಿ ಏನ್ ಮಾಡ್ಲಿ? ಮಲ್ಗಿದಾನೆ."

ಡಿಸ್ಕ್ ಬಿಚ್ಕೊಂಡು ಬಂದೆ, ನನ್ನ ಮಿಷನ್‌ಗೆ ಹಾಕಿದೀನಿ. ಹಳೇ ಫಾರ್ಮ್ಯಾಟಿನ ಪ್ರತಿ ಫೈಲೂ ಶುರುವಾಗೋದು ಅದೇ ಎರಡು ಬೈಟಿಂದ. ಆ ಎರಡು ಬೈಟನ್ನ ಗೇಲಿ ಮಾಡಿ ಪದ್ಯ ಬರೆದಿದ್ದೆ ನಾನು, ಚಾನೆಲಲ್ಲಿ ಎಲ್ಲಾ ನಕ್ಕಿದ್ರು. ಈಗ ಅದನ್ನೇ ಹುಡುಕ್ತಿದೀನಿ, ಡಿಸ್ಕಿನ ಆ ತುದಿಯಿಂದ ಈ ತುದಿಗೆ. ಹುಡುಕೋ ಪ್ರೋಗ್ರಾಂ ನಾನೇ ಬರ್ದೆ, ಕೆಟ್ಟದಾಗಿದೆ, ನಡಿಯತ್ತೆ.

ಮೇ 13, ಗುರುವಾರ

ಎರಡು ಬೈಟು ಆರ್ನೂರ ಹನ್ನೆರಡು ಕಡೆ ಸಿಕ್ಕಿದೆ. ಒಂದೊಂದೇ ತೆಗೆದು ನೋಡ್ಬೇಕು. ಇವತ್ತು ನಲವತ್ತು ನೋಡಿದೆ, ಎಲ್ಲಾ ಬೇರೆ ಬೇರೆ.

ಮೇ 14, ಶುಕ್ರವಾರ

ಮಾಮಂಗೆ ಬಂದ ಮೇಲ್‌ಗಳನ್ನ ಲ್ಯಾಬಲ್ಲಿ ಪ್ರಿಂಟ್ ಮಾಡಿ ತಂದು ದಿನಾ ಸಂಜೆ ಓದಿ ಹೇಳ್ತಿದೀನಿ. ಇವತ್ತು, "ನಮ್ಮ ಗಿಳಿ ಬಗ್ಗೆ ಚಾನೆಲಲ್ಲಿ ಏನಂದ್ರು, ಅದನ್ನೂ ತಂದು ಓದು" ಅಂದಿದ್ರು. ಓದಿದೆ. ಬೊಜಾ ಹೂವು ಹಾಕಿ ಅಂದಿದ್ದಕ್ಕೆ ಜೋರಾಗಿ ನಕ್ರು. "ಒಬ್ಬ ಯೂಸರ್ ಅಂದ್ರೆ ನಾನೇ ತಾನೇ? ನನ್ನ ಕಡೆಯಿಂದ ಒಂದು ನಮಸ್ಕಾರ ಹಾಕ್ಬಿಡು ಅವರಿಗೆ."

"ಬ್ಯಾಕಪ್ ಇಲ್ವಾ ಆಸಾಮಿ ಹತ್ರ" ವರೆಗೂ ಓದಿ, ಮುಂದಿನ ಪುಟಕ್ಕೆ ಹೋದೆ.

"ಒಂದ್ ಸಾಲು ಬಿಟ್ಟೆ."

"ಇಲ್ಲ ಮಾಮ."

"ಮೂವತ್ತು ವರ್ಷ ಲೈನಲ್ಲಿ ಜನರ ಉಸಿರು ಕೇಳಿದೀನಿ ಪುಟ್ಟಿ. ಮ್ಯಾನೇಜರ್ ಹೆಂಡ್ತಿಗೆ ಸುಳ್ಳು ಹೇಳೋಕೆ ಮುಂಚೆ ನಂಗೆ ಗೊತ್ತಾಗ್ತಿತ್ತು. ಓದು."

ಓದಿದೆ. ಇಟ್ಕೊಂಡಿರ್ಲಿಲ್ಲ.

ಕೆಳಗಡೆ ಯಾರೋ ಕಾರ್ಪೆಟ್ ಬಡಿತಿದ್ರು. ಆಮೇಲೆ ಮಾಮ ಅಂದ್ರು, "ನಿನ್ನ ಎಲ್ಲಾ ಪತ್ರನೂ ಗಿಳಿ ನಂಗೆ ಓದ್ತಿದ್ದ. ಪ್ರತಿಸಲ ಕೊನೇಲಿ ಹೇಳ್ತಿದ್ದ: ಹಳೇದು ಸಾಯಲಿ. ಮ್ಲಾಡೆನ್ ಗಂಟಲಲ್ಲಿ. ಅದನ್ನ ಕೇಳಿಸ್ಕೊಂಡೇ ನಿನಗೆ ಬಾಗಿಲು ತೆಗೆದವನು ನಾನು. ಅದಕ್ಕೆ ನನ್ನ ತಪ್ಪೂ ಇದೆ ಅನ್ನು."

ಇಲ್ಲ ಮಾಮ ಅಂದು ಮೂಗು ಸೊರ್ ಅಂತ ಎಳ್ಕೊಂಡೆ.

"ಅಳೋದಾದ್ರೆ ಅಡುಗೆ ಮನೇಲಿ ಅಳು. ಇಲ್ಲಿ ನಂಗೆ ನಾಳೆ ಪತ್ರ ಕೇಳೋದಿದೆ."

ಮನೆಗೆ ಬರಲಿಲ್ಲ, ನೇರ ಲ್ಯಾಬಿಗೇ ಓಡಿದೆ, ಮುಚ್ಚೋಕೆ ಹತ್ತು ನಿಮಿಷ ಇತ್ತು. ಚಾನೆಲಲ್ಲಿ ಬರೆದೆ: ಬ್ಯಾಕಪ್ ಇತ್ತು. ಖಾಲಿ ಅನ್ಕೊಂಡು ನಾನೇ ಅದರ ಮೇಲೆ ಲಾಲೆ ಎರಡು ತುಂಬಿಸಿದೆ. ತಪ್ಪು ನಂದು. ಬೊಜಾ ಒಂದು ನಗುವಿನ ಗುರುತು ಹಾಕಿದ.

ಮೇ 16, ಭಾನುವಾರ

ಇನ್ನೂರ ಎಂಬತ್ತು. ಇಲ್ಲ.

ಮೇ 17, ಸೋಮವಾರ

ಮುನ್ನೂರ ಅರವತ್ತು. ಇಲ್ಲ. ಅಮ್ಮ ಬಂದು ನಿನ್ನೆಯಿಂದ ಏನೂ ತಿಂದಿಲ್ಲ ನೀನು ಅಂದ್ಳು. ತಿಂದಿದೀನಿ ಅಂದೆ. ಏನು ತಿಂದೆ ಅಂದ್ಳು. ನೆನಪಾಗ್ಲಿಲ್ಲ.

ಮೇ 18, ಮಂಗಳವಾರ

ಇಲ್ಲ.

ಮೇ 19, ಬುಧವಾರ

ಐನೂರ ಐವತ್ತು. ಎಲ್ಲಾ ಕಡೆ ಹಳೇ ಲಾಲೆಯ ಚೂರುಚೂರು. ಯಾರೋ ಬರೆದು ಬಿಟ್ಟಿದ್ದ ಆಟ, ಗಡಿಯಾರ, ಮಾಮ ಒಂದ್ಸಲ ಶುರು ಮಾಡಿ ಕೈಬಿಟ್ಟ ಪತ್ರ. "ಪ್ರಿಯ ಮ್ಲಾಡೆನ್, ನಿನ್ನ ಗಿಳಿ ಇವತ್ತು ನನ್ನ ಹೆಸರು ಸರಿಯಾಗಿ ಅಂದ," ಅಷ್ಟೇ ಇತ್ತು. ಓದಬಾರದಿತ್ತು.

ಇನ್ನು ಅರವತ್ತೆರಡಿದೆ. ಅದರಲ್ಲೂ ಇಲ್ಲ ಅಂದ್ರೆ ಮಾಮಂಗೆ ಹೋಗಿ ಹೇಳಬೇಕು. ಹೇಗೆ ಹೇಳೋದು ಅಂತ ಅಭ್ಯಾಸ ಮಾಡಿದೆ, ಕನ್ನಡಿ ಮುಂದೆ. ಒಂದು ವಾಕ್ಯನೂ ಪೂರ್ತಿ ಆಗಲ್ಲ.

ಮೇ 20, ಗುರುವಾರ

ಸಿಕ್ತು!!!!

ಐನೂರ ತೊಂಬತ್ತೊಂದನೇದು. ಒಳಗಡೆ ಮೇಷ್ಟ್ರ ಹೆಸರಿತ್ತು. ಸದ್ದುಗಳ ಪಟ್ಟಿ, ಸಾಲಾಗಿ, ಅ ಇಂದ. ಒಂದು ಸದ್ದನ್ನ ಹಾಗೇ ಸ್ಪೀಕರಿಗೆ ಕಳಿಸಿದೆ. "ಬ" ಅಂತು. ಗಂಡಸಿನ ದನಿ, ಸ್ವಲ್ಪ ಶೀತ ಆದ ಹಾಗಿದೆ. ಅಮ್ಮ ಅಡುಗೆ ಮನೆಯಿಂದ ಯಾರೇ ಅದು ಅಂದ್ಳು.

ಮೇ 21, ಶುಕ್ರವಾರ

ಪೂರ್ತಿ ಇಲ್ಲ. ನಡುವೆ ಎರಡು ತುಂಡಿನ ಮೇಲೆ ಲಾಲೆ ಎರಡರ ಸಹಾಯ ಪುಟ ಬಂದು ಕೂತಿದೆ. ಯಾರೂ ಓದದ ಸಹಾಯ ಪುಟ! ಮೂರು ಸದ್ದು ಹೋಗಿದೆ: ಶ, ಚ, ಝ. ಅವಿಲ್ಲದೆ ಗಿಳಿ ಏನು ಓದಿದ್ರೂ ಹಲ್ಲು ಬಿದ್ದ ಅಜ್ಜನ ಥರ ಇರತ್ತೆ. ಆರ್ಡರ್ ಪತ್ರದಲ್ಲಿ ಚಕ್ರದಿಂದ ಚೈನ್‌ವರೆಗೂ ಎಲ್ಲಾ ಚ.

ಮೇಷ್ಟ್ರ ದನಿ ಇನ್ನೆಲ್ಲಿಂದ ತರ್ಲಿ ನಾನು.

ಇನ್ನೊಂದು ಕೆಲಸನೂ ಬಾಕಿ ಇದೆ. ಫ್ಯಾಕ್ಟ್ರಿ ಕಾರ್ಡಿಗೆ ಲಾಲೆ ಎರಡೇ ಬೇಕು, ಎರಡಕ್ಕೆ ಹಳೇ ಫಾರ್ಮ್ಯಾಟ್ ಬಿಚ್ಚಕ್ಕೆ ಬರಲ್ಲ. ಅಂದ್ರೆ ಲುಚ್ ಕಿತ್ತು ಬಿಸಾಕಿದ್ದನ್ನ ನಾನು ವಾಪಸ್ ಕೂರಿಸ್ಬೇಕು. ಹಳೇ ಆವೃತ್ತಿಯಿಂದ ಆ ಕೋಡ್ ತೆಗೆದೆ. ಮುನ್ನೂರೇ ಸಾಲು. ಕಸ ಅಂತ ಎರಡು ವರ್ಷ ಬೈದಿದೀನಿ, ಓದಿದ್ದು ಇವತ್ತೇ ಮೊದಲು. ಚೆನ್ನಾಗಿ ಬರೆದಿದಾರೆ ಗುರು.

ಮೇ 24, ಸೋಮವಾರ

ಅಕ್ಷರದ ಹಬ್ಬ. ಬೀದೀಲಿ ಶಾಲೆ ಮಕ್ಕಳ ಮೆರವಣಿಗೆ, ಬ್ಯಾಂಡು. ಅಕ್ಷರಕ್ಕೇ ಹೂವಿನ ಹಾರ ಹಾಕೋ ದಿನ ನಾನು ಮಾಮಂಗೆ ಮೂರಕ್ಷರ ಇಲ್ಲ ಅಂತ ಹೇಳಿದೆ.

"ಮೂರೇ ತಾನೇ? ನೀನು ಹೇಳು."

"ಏನು?"

"ನಿನ್ನ ಬಾಯಲ್ಲಿ ಶ ಚ ಝ ಇಲ್ವಾ? ರೆಕಾರ್ಡ್ ಮಾಡಿ ತುಂಬು."

"ಮಾಮ, ಅದು ಮೇಷ್ಟ್ರ ದನಿ, ನಡುವೆ ನನ್ನ ಕೀರಲು..."

"ಮ್ಲಾಡೆನ್ ಬದುಕಿದ್ರೆ ನಿನ್ನ ಕಿವಿ ಹಿಂಡಿ ಹೇಳಿಸ್ತಿದ್ದ. ಬಾ."

ಮೆರವಣಿಗೆ ಸದ್ದು ಬರಬಾರದು ಅಂತ ಬಟ್ಟೆ ಬೀರು ಒಳಗೆ ಕೂರಿಸಿದ್ರು ನನ್ನ, ಕೋಟುಗಳ ನಡುವೆ, ಟೇಪ್ ರೆಕಾರ್ಡರಿನ ಮೈಕ್ ಕೈಲಿ ಕೊಟ್ಟು. ಹೊರಗೆ ನಿಂತು ಮೇಷ್ಟ್ರ ಥರ ತಿದ್ದಿದ್ರು. "ಝ ಅನ್ನು. ಹಾಗಲ್ಲ ಮಾರಾಯ್ತಿ, ಅದು ಸೊಳ್ಳೆ. ದುಂಬಿ ಬೇಕು ನಂಗೆ, ದುಂಬಿ." ಮೂವತ್ತೊಂಬತ್ತು ಸಲ ಝ ಅಂದೆ. ಇಪ್ಪತ್ತು ದಿನದಲ್ಲಿ ಇವತ್ತೇ ಮೊದಲು ನಕ್ಕಿದ್ದು ಅನ್ಸತ್ತೆ, ಬೀರು ಒಳಗೆ.

ಮೇ 26, ಬುಧವಾರ

ಒಂದೇ ಸಮ ಕುಸಿದು ಬೀಳ್ತಿದೆ. ಗಿಳಿ ಶುರು ಮಾಡಿದ ತಕ್ಷಣ ಇಡೀ ಮಿಷನ್ ಹೆಪ್ಪುಗಟ್ಟತ್ತೆ. ಹದಿನೇಳು ಸಲ. ನಾಳಿದ್ದು ಪರೀಕ್ಷೆ.

ಮೇ 27, ಗುರುವಾರ

ಮಧ್ಯಾಹ್ನ ಲುಚ್‌ಗೇ ನೇರವಾಗಿ ಮೇಲ್ ಹಾಕಿದೆ, ಕೋಡ್ ಜೊತೆ. ಬೈತಾನೆ ಅನ್ಕೊಂಡೆ. ಒಂದು ಗಂಟೇಲಿ ಉತ್ತರ ಬಂತು: "ನೂರ ಹನ್ನೆರಡನೇ ಸಾಲು. ಹೊಸದರಲ್ಲಿ ಸೊನ್ನೆ ವಿಳಾಸದ ಪುಟಕ್ಕೆ, ಅಂದ್ರೆ ಮೆಮೊರಿಯ ಮೊದಲ ತುಂಡಿಗೆ, ಬೀಗ ಹಾಕಿದೀನಿ, ಹಳೇವು ಅಲ್ಲಿಂದಲೇ ಶುರುವಾಗ್ತವೆ. ಇದು ನಾನೇ '95ರಲ್ಲಿ ಬರೆದಿದ್ದು, ಮರೆತೇ ಹೋಗಿತ್ತು."

ಆ ಸಾಲು ತಿದ್ದಿ, ಸಂಜೆ ಐದೂವರೆಗೆ ಮಾಮನ ಮನೇಲಿ ಡಿಸ್ಕ್ ವಾಪಸ್ ಜೋಡಿಸಿ ಶುರು ಮಾಡಿದೆ. ಗಿಳಿ ಮೊದಲು ಓದಿದ್ದು ಇವತ್ತಿನ ತಾರೀಕು, ವಾರ; ನಮ್ಮ ಭಾಷೇಲಿ ಗುರುವಾರ ಶುರುವಾಗೋದೇ ಚ ಇಂದ. ಮೇಷ್ಟ್ರ ದನಿ ನಡೀತಾ ನಡೀತಾ ಚ ಬಂದ ಕಡೆ ನನ್ನ ದನಿ ಚಕ್ ಅಂತ ಹಾರಿ, ಮತ್ತೆ ಮೇಷ್ಟ್ರು. ಎಷ್ಟು ಕೆಟ್ಟದಾಗಿತ್ತು ಅಂದ್ರೆ ನಾನು ಕಿವಿ ಮುಚ್ಕೊಂಡೆ.

ಮಾಮ ಸ್ಪೀಕರ್ ಮೇಲೆ ಅಂಗೈ ಇಟ್ಕೊಂಡು ಕೂತಿದ್ರು. ಅಲ್ಲಾಡ್ಲಿಲ್ಲ. "ಇನ್ನೊಂದ್ಸಲ" ಅಂದ್ರು.

ಮೇ 28, ಶುಕ್ರವಾರ

ಮಿಷನ್ನ ಬೇಬಿ ಗಾಡೀಲಿ ಕಟ್ಕೊಂಡು ಫ್ಯಾಕ್ಟ್ರಿಗೆ ತಳ್ಳಿದ್ವಿ. ಕಾರ್ಡು ಒಂದೇ ಸಲಕ್ಕೆ ಎದ್ತು. ಸ್ತಾನೆವಾ ಮೇಡಂ, ಆಫೀಸಿನವರು, ಹಿಂದಿನ ಕೋಣೆಯಿಂದ ಮೂರು ಆರ್ಡರ್ ಪತ್ರ ಕಳಿಸಿದ್ರು. ಗಿಳಿ ಓದ್ದ, ಮಾಮ ಉತ್ತರ ಒತ್ತಿದ್ರು, ನಾನು ಬಾಗಿಲ ಹತ್ರ ನಿಂತು ಉಗುರು ತಿಂದೆ.

ಮೇಡಂ ಹುಬ್ಬು ಗಂಟು ಹಾಕಿದ್ರು. "ಏನ್ರೀ ಟ್ರಿಫೊನ್, ನಡುನಡುವೆ ಹೆಂಗಸು ಬರ್ತಾಳಲ್ಲ? ಕೆಟ್ಟಿದ್ಯಾ ಇದು?"

"ಕೆಟ್ಟಿಲ್ಲ ಮೇಡಂ, ಮದುವೆ ಆಗಿದೆ. ಆಗಾಗ ಬಾಯಿ ಹಾಕ್ತಾಳೆ."

ಮೇಡಂ ನಗ್ಲಿಲ್ಲ. ಆದ್ರೆ ಮೂರನೇ ಪತ್ರದಲ್ಲಿ ಅವರೇ ಚೈನಿನ ಅಳತೆ ತಪ್ಪು ಹಾಕಿದ್ರು, ಮಾಮ ಅದನ್ನ ಹಿಡಿದ್ರು. ಮೂರು ತಿಂಗಳು ನೋಡೋಣ ಅಂದಿದಾರೆ. ಬರೀ ಮೂರು ತಿಂಗಳು. ವಾಪಸ್ ಬರೋ ದಾರಿ ಪೂರ್ತಿ ಮಾಮ ಗಾಡಿ ಹಿಡಿ ಬಿಡ್ಲಿಲ್ಲ.

ಜೂನ್ 1, ಮಂಗಳವಾರ

ಲಾಲೆ ಎರಡು ಬಂತು. ಖುಷಿ ಪಡೋಣ ಅಂತ ಕೂತೆ, ಅಷ್ಟೇನೂ ಆಗ್ಲಿಲ್ಲ, ಸುಸ್ತು.

ನಿನ್ನೆ ಚಾನೆಲಲ್ಲಿ ಲುಚ್ ಕೇಳಿದ್ದ: "ಹಳೇ ಫಾರ್ಮ್ಯಾಟಿನ ಕೋಡ್ ಒಳಗೆ ಬಿಡ್ತೀನಿ, ಆದ್ರೆ ಯಾರು ನೋಡ್ಕೊಳ್ತಾರೆ?" ಯಾರೂ ಮುಂದೆ ಬರ್ಲಿಲ್ಲ, ಅದಕ್ಕೆ "ನಾನು" ಅಂದೆ. ಈಗ ಲಾಲೆ ನೋಡ್ಕೊಳ್ಳೋರ ಪಟ್ಟೀಲಿ ನನ್ನ ಹೆಸರಿದೆ. ರುಸೆ ಊರಿಂದ ಯಾರೋ ಬರೆದಿದಾರೆ, ಅವರ ಹಳೇ ಪ್ರೋಗ್ರಾಂ ಒಂದು ನಡಿತಿಲ್ವಂತೆ, ನಾಳೆ ನೋಡ್ಬೇಕು.

ಸಂಜೆ ಮಾಮ ಹೊಸ ಡಿಸ್ಕ್ ಮೂರು ಕೊಟ್ರು, ಚುಕ್ಕಿ ಒತ್ತೋ ಸೂಜಿನೂ ಕೊಟ್ರು. ಗಿಳಿ ಒಂದು, ಗಿಳಿ ಎರಡು, ಗಿಳಿ ಮೂರು ಅಂತ ನನ್ನ ಕೈಲೇ ಒತ್ತಿಸಿದ್ರು. ಎರಡನೇದರಲ್ಲಿ ತಪ್ಪಾಗಿದ್ಯಂತೆ, ಗಿಳಿ ಹೋಗಿ ಇನ್ನೇನೋ ಆಗಿದ್ಯಂತೆ. ಇರ್ಲಿ ಬಿಡು, ನಿನ್ನ ಕೈಬರಹ ಅಂತ ಗೊತ್ತಾಗತ್ತೆ ಅಂದ್ರು.

ಆಮೇಲೆ ನಾನು ಬೆಳಿಗ್ಗೆ ಲಾಲೆ ಬಳಸೋರಿಗೆಲ್ಲಾ ಹಾಕಿದ ಮೇಲ್‌ನ ಗಿಳಿ ಕೈಲಿ ಓದಿಸಿದ್ರು. ಅವನು ನನ್ನ ಹೆಸರು, ಊರು ಹೇಳಿ ನಿಲ್ಲಿಸಿದ.

ಮಾಮ ಕಾದ್ರು. "ಕೊನೇ ಸಾಲೆಲ್ಲಿ? ನುಂಗ್ಬಿಟ್ನಾ ಇವನು?"

"ಯಾವ ಸಾಲು ಮಾಮ?"

"ಅದೇ, ಸಾಯಲಿ ಗೀಯಲಿ ಅಂತಿದ್ಯಲ್ಲ."

ನೋಡಿದೆ. ಹೌದು, ಇರ್ಲಿಲ್ಲ. ಯಾವತ್ತು ತೆಗೆದೆನೋ, ನೆನಪೇ ಇಲ್ಲ.